ಸ್ಟ್ರೆಸ್: ಕಬ್ಬಿಣಕ್ಕೆ ಹೋಗಿ ಸಿಪಾಯಿಗೆ ಮರಳಿದ ಪದ

ಪರೀಕ್ಷೆ ಹತ್ತಿರ ಬಂದ ಮಕ್ಕಳಿಂದ ಹಿಡಿದು ಸಾಲದ ಕಂತು ಕಟ್ಟುವ ಹಿರಿಯರವರೆಗೆ ಎಲ್ಲರ ಬಾಯಲ್ಲೂ ಈಗ 'ಸ್ಟ್ರೆಸ್' ಇದೆ. ಬರೆಯುವಾಗ 'ಒತ್ತಡ' ಎನ್ನುತ್ತೇವೆ. ಹೊರಗಿನಿಂದ ಮೇಲೆ ಬೀಳುವ ಭಾರಕ್ಕೂ ಅದರಿಂದ ಒಳಗೆ ಆಗುವ ಸಂಕಟಕ್ಕೂ ಆ ಒಂದೇ ಮಾತು. ಮನೆಮಾತಿನಲ್ಲಿ ಇದರಿಂದ ತೊಂದರೆಯೇನಿಲ್ಲ. ಆದರೆ ಸೈನಿಕರ ಒತ್ತಡ ನಿವಾರಣೆಗೆಂದು ಸೇನೆಗಳು ಕಾರ್ಯಕ್ರಮ ಹಾಕಿಕೊಂಡು, ಅದು ಫಲಿಸಿತೇ ಎಂದು ಅಳೆಯಲು ಹೊರಟಾಗ ಈ ಗೋಜಲು ದುಬಾರಿಯಾಗುತ್ತದೆ.

ಪದದ ಬೇರು ಲ್ಯಾಟಿನ್ನಿನ 'ಸ್ಟ್ರಿಂಗೆರೆ'. ಬಿಗಿಯಾಗಿ ಕಟ್ಟು ಎಂದರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, 14ನೇ ಶತಮಾನದಲ್ಲಿ ಅಲ್ಲಿ ಕಷ್ಟ, ಬವಣೆ ಎಂಬ ಅರ್ಥದಲ್ಲಿ ನೆಲೆಸಿತು. ಅಂದರೆ ಮೊದಲು ಇದು ಮನುಷ್ಯರ ಪಾಡನ್ನು ಹೇಳುವ ಮಾತೇ ಆಗಿತ್ತು. 19ನೇ ಶತಮಾನದ ಎಂಜಿನಿಯರುಗಳು ಅದನ್ನು ಸೇತುವೆ, ಬಾಯ್ಲರುಗಳ ಲೆಕ್ಕಕ್ಕೆ ಎಳೆದುಕೊಂಡರು. ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ರ‍್ಯಾಂಕಿನ್ ಅವರಲ್ಲಿ ಮುಖ್ಯರು. ಕಬ್ಬಿಣದ ಸಲಾಕೆಗೆ ತೂಕ ನೇತುಹಾಕಿದರೆ ಅದರ ಒಳಗೆ ಹುಟ್ಟುವ ಬಲ ಸ್ಟ್ರೆಸ್. ಸಲಾಕೆ ಎಷ್ಟು ಹಿಗ್ಗಿತೋ ಅದು ಸ್ಟ್ರೇನ್. ಮೊದಲನೆಯದನ್ನು ತೂಕದಿಂದ ಲೆಕ್ಕ ಹಾಕಬಹುದು, ಎರಡನೆಯದನ್ನು ಅಳತೆಪಟ್ಟಿ ಹಿಡಿದು ನೋಡಬಹುದು. ಎರಡಕ್ಕೂ ಬೇರೆ ಬೇರೆ ಹೆಸರಿದ್ದದ್ದರಿಂದಲೇ ಒಂದು ಕಬ್ಬಿಣ ಇನ್ನೊಂದಕ್ಕಿಂತ ಗಟ್ಟಿ ಎಂದು ಖಚಿತವಾಗಿ ಹೇಳಲು ಬಂತು.

ಪದವನ್ನು ಮತ್ತೆ ದೇಹದ ಕಡೆಗೆ ತಿರುಗಿಸಿದವರಲ್ಲಿ ಹೆಸರಾದವರು ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ. ಇಲಿಗಳ ಮೇಲೆ ಪ್ರಯೋಗ ಮಾಡಿ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಬರೆದ ಪುಟ್ಟ ಲೇಖನ ಜಗತ್ಪ್ರಸಿದ್ಧ. ಮುಂದೆ ಅವರು ಸ್ಟ್ರೆಸ್ ಎಂದು ಕರೆದದ್ದು ಭಾರವನ್ನಲ್ಲ, ಭಾರಕ್ಕೆ ದೇಹ ತೋರುವ ಪ್ರತಿಕ್ರಿಯೆಯನ್ನು. ಭಾರಕ್ಕೆ 'ಸ್ಟ್ರೆಸ್ಸರ್' ಎಂಬ ಹೊಸ ಪದ ಕಟ್ಟಬೇಕಾಯಿತು. ತನ್ನ ಇಂಗ್ಲಿಷ್ ಇನ್ನಷ್ಟು ಚೆನ್ನಾಗಿದ್ದಿದ್ದರೆ ಸ್ಟ್ರೇನ್ ಎಂದೇ ಕರೆಯುತ್ತಿದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಅಷ್ಟರಲ್ಲಿ ಪದ ಕೈಮೀರಿ ಹೋಗಿತ್ತು.

ಸೈನ್ಯಕ್ಕೆ ಆಗ ಬೇರೆ ಮಾತುಗಳಿದ್ದವು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಮೂವರು ಸಿಪಾಯಿಗಳ ವಿಷಯ ಬರೆದಾಗ ಬಳಸಿದ್ದು 'ಶೆಲ್ ಶಾಕ್', ಅಂದರೆ ಶೆಲ್ ಸಿಡಿತದ ಆಘಾತ. ಎರಡು ವರ್ಷದಲ್ಲೇ ಬ್ರಿಟಿಷ್ ಸೇನೆ ಆ ಮಾತನ್ನು ತಡೆಯಲು ಹೊರಟಿತು. ಹೆಸರು ಸಿಕ್ಕರೆ ರೋಗಿಗಳೂ ಹೆಚ್ಚುತ್ತಾರೆ ಎಂಬ ಭಯ. 1945ರಲ್ಲಿ ಅಮೆರಿಕದ ವೈದ್ಯರಾದ ಗ್ರಿಂಕರ್ ಮತ್ತು ಸ್ಪೀಗಲ್ ಯುದ್ಧವಿಮಾನದ ಸಿಬ್ಬಂದಿಯ ಬಗ್ಗೆ ಬರೆದ 'ಮೆನ್ ಅಂಡರ್ ಸ್ಟ್ರೆಸ್' ಪುಸ್ತಕದ ಹೆಸರಿನಲ್ಲೇ ಸ್ಟ್ರೆಸ್ ಸಮವಸ್ತ್ರ ತೊಟ್ಟಿತು. ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಪದ 1952ರಲ್ಲಿ ಒಂದು ರೋಗದ ಹೆಸರಿನ ಭಾಗವಾಗಿ ಸೇರಿತು, 1968ರಲ್ಲಿ ಆ ರೋಗದ ಹೆಸರನ್ನು ಕೈಬಿಟ್ಟರು. ವಿಯೆಟ್ನಾಂನಿಂದ ಮರಳಿದವರ ಹೋರಾಟದ ಫಲವಾಗಿ 1980ರಲ್ಲಿ 'ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್' (ಆಘಾತದ ನಂತರದ ಒತ್ತಡದ ಕಾಯಿಲೆ) ಎಂದು ಹಿಂತಿರುಗಿತು.

ಹೆಸರು ಬಂದ ಮೇಲೆ ಅಳತೆ ಬೇಕಲ್ಲ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ನಮೂನೆಯಲ್ಲಿ 20 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಬೇಡದ ನೆನಪು ನುಗ್ಗಿ ಬಂತೇ, ನಿದ್ದೆ ಕೆಟ್ಟಿತೇ, ಸಣ್ಣ ಸದ್ದಿಗೂ ಬೆಚ್ಚಿಬಿದ್ದಿರಾ ಎಂಬಂಥವು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 80. ಭಾರ ಎಷ್ಟಿತ್ತು ಎಂದು ಈ 20 ಪ್ರಶ್ನೆಗಳು ಕೇಳುವುದಿಲ್ಲ. ಹಿಗ್ಗಿದ್ದು ಎಷ್ಟು ಎಂಬುದನ್ನೂ ಸಲಾಕೆಯೇ ಹೇಳಬೇಕು.

ಸಲಾಕೆಗೆ ಬಡ್ತಿಯ ಚಿಂತೆಯಿಲ್ಲ, ಸಿಪಾಯಿಗಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇರಾಕಿನಿಂದ ಮರಳಿದ ಅಮೆರಿಕದ ಕಾಲ್ದಳದವರಿಗೆ ಎರಡು ಸಲ ಪ್ರಶ್ನೆ ಹಾಕಿತು: ಒಮ್ಮೆ ಹೆಸರು ನಮೂದಿಸುವ ಕಡ್ಡಾಯ ಆರೋಗ್ಯ ನಮೂನೆಯಲ್ಲಿ, ಇನ್ನೊಮ್ಮೆ ಹೆಸರಿಲ್ಲದ ಹಾಳೆಯಲ್ಲಿ. ಖಿನ್ನತೆ, ಆತ್ಮಹತ್ಯೆಯ ಯೋಚನೆಯಂಥವು ಹೆಸರಿಲ್ಲದ ಹಾಳೆಯಲ್ಲಿ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಕಂಡವು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇಲ್ಲ. ಹೆಸರು ಬರೆಸಿಕೊಂಡ ಹಾಳೆಗಳಲ್ಲಿ ಅಂಕ ಇಳಿದರೆ ನೋವು ಇಳಿಯಿತೋ, ಬಾಯಿ ಮುಚ್ಚಿತೋ ಎಂದು ಹೇಗೆ ಹೇಳುವುದು?

ಅಮೆರಿಕದ ಸೇನೆ 2009ರಲ್ಲಿ ಎಲ್ಲ ಸೈನಿಕರಿಗೂ ಮನೋಬಲದ ತರಬೇತಿ ಆರಂಭಿಸಿತು. ಅದರ ಫಲವನ್ನು ತೂಗಿದ್ದೂ ಬಹುಪಾಲು ಸೈನಿಕರೇ ತುಂಬುವ 105 ಪ್ರಶ್ನೆಗಳ ಪಟ್ಟಿಯಿಂದ. ಮೊದಲು ಕೆಲವರಿಗಷ್ಟೇ ಕೊಟ್ಟು, ಚೀಟಿ ಎತ್ತಿದಂತೆ ಆಯ್ದ ಇನ್ನೊಂದು ತಂಡದೊಡನೆ ಹೋಲಿಸಿ ನೋಡುವ ತಾಳ್ಮೆ ತೋರಲಿಲ್ಲ. ಇಂಥ ಕಾರ್ಯಕ್ರಮಗಳಲ್ಲಿ ಎಷ್ಟೋ ಸಾಕ್ಷ್ಯದ ಆಧಾರವಿಲ್ಲದೆ ನಡೆದಿವೆ ಎಂದು 2014ರಲ್ಲಿ ಅಮೆರಿಕದ ವೈದ್ಯಕೀಯ ಸಲಹಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಆಕ್ಷೇಪಿಸಿತು. ಜೀವ ಒತ್ತೆಯಿಟ್ಟವರಿಗೆ ಪರೀಕ್ಷಿಸದ ಮದ್ದು ಕೊಡುವುದು ನನಗಂತೂ ಒಪ್ಪಲಾಗದ ಮಾತು.

ಬ್ರಿಟನ್ ಆ ತಾಳ್ಮೆ ತೋರಿತು. ಅಮೆರಿಕದಿಂದ ಎರವಲು ತಂದ 'ಬ್ಯಾಟಲ್‌ಮೈಂಡ್' ತರಬೇತಿಯನ್ನು, ಅಫ್ಘಾನಿಸ್ತಾನದಿಂದ ಮನೆಗೆ ಮರಳುವ ದಾರಿಯಲ್ಲಿ ಸೈಪ್ರಸ್‌ನಲ್ಲಿ ತಂಗುವ ಸೈನಿಕರಿಗೆ ಕೊಟ್ಟು, ಮಾಮೂಲಿ ಉಪನ್ಯಾಸ ಕೇಳಿದವರೊಡನೆ ಹೋಲಿಸಿತು. 2012ರಲ್ಲಿ ಬಂದ ಫಲಿತಾಂಶದಲ್ಲಿ ಮಾನಸಿಕ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿತಿಮೀರಿದ ಕುಡಿತ ಮಾತ್ರ ಕೊಂಚ ತಗ್ಗಿತ್ತು. ನಿರೀಕ್ಷೆಗಿಂತ ಬಹಳ ಕಡಿಮೆ ಸಿಕ್ಕರೂ ಅದನ್ನು ಮುಚ್ಚಿಡದೆ ಪ್ರಕಟಿಸಿದರು.