ಕರುಳಿನ ಕ್ರಿಮಿಗೂ ಒಬ್ಬ ವೈರಿ

ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಹೆಸರನ್ನಾದರೂ ಕೇಳಿರುತ್ತೀರಿ. ಅಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಅಲ್ಲಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಕಾಣುವುದು ನೀರು, ಬಹಳವಾದರೆ ಒಂದಿಷ್ಟು ಕೆಸರು. ಆದರೆ ದಂಡೆಯ ಮೇಲೆ ಊರುಗಳಿರುವ ಯಾವ ಹೊಳೆಯಲ್ಲಿಯೂ ಮನುಷ್ಯರ ಮತ್ತು ದನಕರುಗಳ ಕರುಳಿನಿಂದ ಬಂದ ಬ್ಯಾಕ್ಟೀರಿಯಗಳು ಇದ್ದೇ ಇರುತ್ತವೆ. ಅವುಗಳ ಬೆನ್ನು ಹತ್ತಿ ಬಂದ, ಅವುಗಳಿಗಿಂತ ಬಹಳ ಸಣ್ಣದಾದ ವೈರಿಯೂ ಅಲ್ಲಿರುತ್ತದೆ. ಈ ವೈರಿಯ ಕಥೆ ಶುರುವಾಗುವುದು ನಮ್ಮ ದೇಶದ ಇನ್ನೆರಡು ಹೊಳೆಗಳ ದಂಡೆಯಲ್ಲಿ.

ಆಗ್ರಾದಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಸರಕಾರದ ಕೆಲಸದಲ್ಲಿದ್ದ. ಕಾಲರಾ ಬಂದಿತೆಂದರೆ ಊರಿಗೆ ಊರೇ ಬರಿದಾಗುತ್ತಿದ್ದ ಕಾಲ ಅದು. ಜಾತ್ರೆಗೆ, ಯಾತ್ರೆಗೆ ಹೋದವರ ಜೊತೆಗೆ ಬೇನೆಯೂ ಊರಿಂದೂರಿಗೆ ನಡೆಯುತ್ತಿತ್ತು. ಗಂಗೆ-ಯಮುನೆಯರ ನೀರಿನಲ್ಲಿ ಕಾಲರಾ ಕ್ರಿಮಿ ಬೇಗನೆ ಸಾಯುತ್ತದೆಂದು ಹ್ಯಾಂಕಿನ್ 1896ರಲ್ಲಿ ಬರೆದ. ನೀರನ್ನು ಅತಿ ಸಣ್ಣ ರಂಧ್ರದ ಪಿಂಗಾಣಿ ಸೋಸಣಿಗೆಯಲ್ಲಿ ಸೋಸಿದರೂ ಆ ಗುಣ ಉಳಿಯುತ್ತಿತ್ತು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಹೋಗುತ್ತಿತ್ತು. ನೀರಿನಲ್ಲಿ ಹಾರಿಹೋಗುವಂಥ ಏನೋ ಒಂದು ವಸ್ತುವಿದೆಯೆಂದು ಆತ ಊಹಿಸಿದ. ಅದು ವೈರಸ್ಸಿನ ಕೆಲಸವಾಗಿರಬೇಕೆಂಬುದು ಮುಂದಿನವರ ಮಾತು. ಹ್ಯಾಂಕಿನ್‌ನಿಗೆ ವೈರಸ್ಸು ಕಂಡಿತೆಂದು ಹೇಳಿದರೆ ಅದು ಭಕ್ತಿಯಾದೀತೇ ಹೊರತು ಚರಿತ್ರೆಯಾಗದು.

1915ರಲ್ಲಿ ಲಂಡನ್ನಿನ ಟ್ವರ್ಟ್ ಇಂಥದೇ ಒಂದು ಸಂಗತಿಯನ್ನು ಪ್ರಕಟಿಸಿದ. 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಫೆಲಿಕ್ಸ್ ದೆರೆಲ್, ರಕ್ತಭೇದಿಯಿಂದ ನರಳಿದವರ ಮಲವನ್ನು ಸೋಸಿ, ಆ ದ್ರವವನ್ನು ರಕ್ತಭೇದಿಯ ಕ್ರಿಮಿಗಳಿಗೆ ಬೆರೆಸಿದ. ಮಬ್ಬಾಗಿದ್ದ ನಳಿಗೆ ತಿಳಿಯಾಯಿತು. ಕ್ರಿಮಿಗಳು ಕರಗಿಹೋಗಿದ್ದವು! ಅವುಗಳನ್ನು ತಿಂದದ್ದು ಇನ್ನೊಂದು ಜೀವವೇ ಎಂದು ಧೈರ್ಯವಾಗಿ ಹೇಳಿ, ಅದಕ್ಕೆ ಬ್ಯಾಕ್ಟೀರಿಯೊಫೇಜ್, ಎಂದರೆ ಬ್ಯಾಕ್ಟೀರಿಯಭಕ್ಷಕ, ಎಂದು ಆತ ಹೆಸರಿಟ್ಟ. ನಾವು ಚಿಕ್ಕದಾಗಿ ಫೇಜ್ ಎನ್ನೋಣ.

ತಿನ್ನುವುದೆಂದರೆ ಬಾಯಿಯಿಂದಲ್ಲ. ಫೇಜು ಬ್ಯಾಕ್ಟೀರಿಯದ ಹೊರಮೈಮೇಲಿನ ಒಂದು ಗುರುತನ್ನು ಹುಡುಕಿ ಅಂಟಿಕೊಳ್ಳುತ್ತದೆ, ತನ್ನ ಡಿ.ಎನ್.ಎ. ಎಳೆಯನ್ನು ಒಳಗೆ ತೂರಿಸುತ್ತದೆ. ಆ ಮೇಲೆ ಮನೆಯೂ ಅದರದೇ, ಅಡಿಗೆಯೂ ಅದರದೇ. ಅರ್ಧ ಗಂಟೆ ಕಳೆಯುವುದರೊಳಗೆ ನೂರರಷ್ಟು ಮರಿಗಳು ಗೋಡೆಯೊಡೆದು ಹೊರಬೀಳುವುದುಂಟು.

ಹಾಗಾದರೆ ಕಾಲರಾಕ್ಕೆ ಇದೇ ಮದ್ದಾಗಬಾರದೇಕೆ? ದೆರೆಲ್ 1927ರಲ್ಲಿ ಭಾರತಕ್ಕೆ ಬಂದು ರೋಗಿಗಳಿಗೆ ಫೇಜನ್ನು ಕುಡಿಸಿ ನೋಡಿದ, ಪಂಜಾಬಿನ ಹಳ್ಳಿಗಳಲ್ಲಿ ಬಾವಿಗಳಿಗೂ ಹಾಕಿಸಿದ. ಆಮೇಲೆ ಅಸ್ಸಾಮಿನಲ್ಲಿ ಮಾರಿಸನ್ ಎಂಬ ವೈದ್ಯ ನೌಗಾಂವ್ ಪ್ರದೇಶಕ್ಕೆ ಫೇಜು ಹಂಚಿಸಿ, ಇಂದು ಬಾಂಗ್ಲಾದೇಶದಲ್ಲಿರುವ ಹಬೀಗಂಜಿಗೆ ಹಂಚದೆ, ಎರಡನ್ನೂ ಹೋಲಿಸಿದ. ಫಲ ಚೆನ್ನಾಗಿಯೇ ತೋರಿತು. ಆದರೆ ಎರಡು ಸೀಮೆಗಳ ನೀರು, ಮಳೆ, ಜನರ ಓಡಾಟ ಒಂದೇ ಅಲ್ಲವಷ್ಟೆ! ವಾದ ಮುಗಿಯಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಮೊದಲಾದ ಮದ್ದುಗಳು ಬಂದ ಮೇಲೆ ಫೇಜನ್ನು ಕೇಳುವವರು ಕಡಿಮೆಯಾದರು. ಆದರೆ ಜಾರ್ಜಿಯದ ಟ್ಬಿಲಿಸಿಯಲ್ಲಿ ಆ ಚಿಕಿತ್ಸೆ ನಿಲ್ಲದೆ ನಡೆದುಬಂತು.

ಮದ್ದಿನ ದಾರಿಯಲ್ಲಿ ಇನ್ನೊಂದು ಕಲ್ಲಿತ್ತು. ಅದೆಂದರೆ ಬ್ಯಾಕ್ಟೀರಿಯ ಸುಮ್ಮನೆ ಸಾಯುವುದಿಲ್ಲ. ಕೋಟಿಗಟ್ಟಲೆ ಸತ್ತರೂ ಒಂದೆರಡು ಬದುಕಿ ಬೆಳೆಯುತ್ತವೆ. ಇವು ಫೇಜನ್ನು ಕಂಡ ಮೇಲೆ ಪಾಠ ಕಲಿತವೋ, ಮೊದಲೇ ಬೇರೆಯಾಗಿದ್ದವೋ? ಮೊದಲೇ ಎಂದು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಅಮೆರಿಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೊರಮೈಯ ಗುರುತು ಆಕಸ್ಮಿಕವಾಗಿ ಬದಲಾದ ಬ್ಯಾಕ್ಟೀರಿಯಕ್ಕೆ ಫೇಜು ಅಂಟಲಾರದು. ಬಾಗಿಲಿನ ಚಿಲಕ ಬದಲಾದರೆ ಹಳೆಯ ಕೀಲಿಕೈ ಏನು ಮಾಡೀತು?

ಅಂಟಿ ಒಳಗೆ ಬಂದರೂ ಕೆಲವು ಫೇಜುಗಳು ಸೋಲುತ್ತಿದ್ದವು. ಇದು ಗೊತ್ತಾದದ್ದು ಒಂದು ನಳಿಗೆ ಒಡೆದದ್ದರಿಂದ! ಲೂರಿಯಾನ ಫೇಜು, ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯದ ಒಂದು ಮಾರ್ಪಟ್ಟ ತಳಿಯಲ್ಲಿ ಹುಟ್ಟಿದ ಮೇಲೆ, ಸಾಧಾರಣ ಇ. ಕೋಲೈಯಲ್ಲಿ ಬೆಳೆಯುತ್ತಿರಲಿಲ್ಲ. ಒಂದು ದಿನ ಪರೀಕ್ಷೆಗೆ ಬೇಕಾದ ಬ್ಯಾಕ್ಟೀರಿಯದ ನಳಿಗೆ ಒಡೆಯಿತು. ಆತ ಬೆರ್ತಾನಿ ಎಂಬ ಸಹೋದ್ಯೋಗಿಯಿಂದ ರಕ್ತಭೇದಿಯ ಶಿಗೆಲ್ಲಾ ಕ್ರಿಮಿಯನ್ನು ಕಡ ತಂದ. ಸತ್ತೇಹೋಯಿತೆಂದುಕೊಂಡ ಫೇಜು ಅದರಲ್ಲಿ ಸೊಗಸಾಗಿ ಬೆಳೆಯಿತು. ಶಿಗೆಲ್ಲಾದಲ್ಲಿ ಹುಟ್ಟಿದ ಆ ಫೇಜು ಮತ್ತೆ ಸಾಧಾರಣ ಇ. ಕೋಲೈಯಲ್ಲಿಯೂ ಬೆಳೆಯಿತು! ಲೂರಿಯಾ ಮತ್ತು ಹ್ಯೂಮನ್ 1952ರಲ್ಲಿ ಇದನ್ನು ಪ್ರಕಟಿಸಿದರು. ಹುಟ್ಟಿದ ಮನೆಯ ಗುರುತನ್ನು ಫೇಜು ಹೊತ್ತು ಬರುತ್ತದೆಂದಾಯಿತು. ಜಿನೀವಾದ ವರ್ನರ್ ಆರ್ಬರ್ ಮುಂದುವರಿಸಿ, ಬ್ಯಾಕ್ಟೀರಿಯ ತನ್ನ ಡಿ.ಎನ್.ಎ.ಗೆ ಗುರುತು ಹಚ್ಚಿಕೊಂಡು, ಗುರುತಿಲ್ಲದ ಪರಕೀಯ ಎಳೆಯನ್ನು ಕತ್ತರಿಸುತ್ತದೆಂದು ಹೇಳಿದ. ಆ ಕತ್ತರಿಯೇ ರೆಸ್ಟ್ರಿಕ್ಷನ್ ಎಂಜೈಮು. ಆರ್ಬರ್, ಸ್ಮಿತ್, ನೇಥನ್ಸ್ ಮೂವರಿಗೂ 1978ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ವಂಶವಾಹಿಗಳನ್ನು ಕತ್ತರಿಸಿ ಜೋಡಿಸಿ ಇನ್ಸುಲಿನ್ ತಯಾರಿಸುವ ವಿದ್ಯೆಗೆ ಈ ಕತ್ತರಿಯೇ ಮೂಲ.

ಇಲ್ಲಿಂದ ಕಥೆ ಬೆಂಗಳೂರಿಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ. ಎನ್. ರಾವ್ ಈ ಕತ್ತರಿಗಳಲ್ಲಿ ಒಂದು ವಿಚಿತ್ರ ಬಗೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದರು. ಅವುಗಳಲ್ಲೊಂದನ್ನು ಇ. ಕೋಲೈಗೆ ತಂದುಕೊಡುವುದು ಪಿ-ಒಂದು ಎಂಬ ಫೇಜು. ಅದು ಬ್ಯಾಕ್ಟೀರಿಯವನ್ನು ಕೂಡಲೇ ಕೊಲ್ಲದೆ ಒಳಗೆ ಬಿಡಾರ ಹೂಡಿ, ಬೇರೆ ಫೇಜು ಬಂದರೆ ಕತ್ತರಿಸುತ್ತದೆ. ಬಾಡಿಗೆಗೆ ಬಂದವನೇ ಬಾಗಿಲು ಕಾಯುವುದೆಂದರೆ ಇದೇ! ಅದೇ ಸಂಸ್ಥೆಯಲ್ಲಿ ವಿ. ನಾಗರಾಜ ಅವರು ಮ್ಯೂ ಎಂಬ ಫೇಜಿನ ಉಪಾಯವನ್ನು ಬಿಡಿಸಲು ತೊಡಗಿದರು. ಮ್ಯೂ ತನ್ನ ಡಿ.ಎನ್.ಎ.ಯ ಅಡೆನಿನ್ ಅಕ್ಷರಗಳಲ್ಲಿ ಕೆಲವಕ್ಕೆ ಒಂದು ದಪ್ಪ ಹೊದಿಕೆ ಹೊದಿಸುತ್ತದೆ. ಹೊದಿಕೆಯಿದ್ದರೆ ಹಲವು ಕತ್ತರಿಗಳಿಗೆ ಗುರುತು ಸಿಕ್ಕದು. ಹೊದಿಸುವ ಎಂಜೈಮಿಗೆ ಮಾಮ್ ಎಂದು ಹೆಸರು. ಅದು ಹೊತ್ತಿಗೆ ಮೊದಲೇ ತಯಾರಾದರೆ ಮನೆ ಕೊಟ್ಟ ಬ್ಯಾಕ್ಟೀರಿಯಕ್ಕೇ ವಿಷ. ಆದುದರಿಂದ ಮ್ಯೂ ಅದನ್ನು ಕಟ್ಟಕಡೆಗೆ, ಮರಿಗಳು ಹೊರಡುವ ಮುನ್ನ, ತಯಾರಿಸಿಕೊಳ್ಳುತ್ತದೆ. ಆ ಗಳಿಗೆ ಬಂದಾಗ ಬಾಗಿಲು ತೆರೆಯುವ ಸಿ ಎಂಬ ಪ್ರೋಟೀನಿನ ನಡೆಯನ್ನು ನಾಗರಾಜ ಮತ್ತು ಅವರ ಶಿಷ್ಯರು ಹಂತಹಂತವಾಗಿ ಬಿಡಿಸಿ ತೋರಿಸಿದರು. ಇಷ್ಟು ಕಿರಿದಾದ ಜೀವದಲ್ಲಿ ಇಷ್ಟು ತಾಳ್ಮೆ!

ಬ್ಯಾಕ್ಟೀರಿಯದ ಇನ್ನೊಂದು ಆಯುಧವನ್ನು ಮೊಸರಿನ ವ್ಯಾಪಾರ ಬಯಲಿಗೆ ತಂದಿತು. ಹಾಲು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯವನ್ನು ಫೇಜುಗಳು ಕೊಂದರೆ ಕಾರ್ಖಾನೆಗೆ ನಷ್ಟ. ಬದುಕಿ ಉಳಿದ ಬ್ಯಾಕ್ಟೀರಿಯಗಳು ಹಿಂದಿನ ಫೇಜಿನ ಡಿ.ಎನ್.ಎ. ತುಣುಕೊಂದನ್ನು ತಮ್ಮದರಲ್ಲಿ ಸೇರಿಸಿಟ್ಟುಕೊಂಡು, ಅದೇ ವೈರಿ ಮತ್ತೆ ಬಂದಾಗ ಗುರುತು ಹಿಡಿಯುತ್ತವೆಂದು 2007ರಲ್ಲಿ ಪ್ರಕಟವಾಯಿತು. ಇದೇ ಕ್ರಿಸ್ಪರ್.

ಕಾಲರಾಕ್ಕೆ ಮರಳೋಣ. 1996ರಲ್ಲಿ ತಿಳಿದ ಸಂಗತಿ ದೆರೆಲ್‌ನನ್ನೂ ಬೆರಗುಗೊಳಿಸುತ್ತಿತ್ತು: ಕಾಲರಾ ಕ್ರಿಮಿಗೆ ಅದರ ವಿಷದ ವಂಶವಾಹಿಯನ್ನು ತಂದುಕೊಟ್ಟದ್ದೇ ಒಂದು ಫೇಜು. ವೈರಿಗಳಲ್ಲಿ ಒಬ್ಬ ಕ್ರಿಮಿಯನ್ನು ಕೊಲ್ಲುತ್ತಾನೆ, ಇನ್ನೊಬ್ಬ ಅದರ ಕೈಗೆ ಕತ್ತಿ ಕೊಡುತ್ತಾನೆ. ಮದ್ದಿಗೆ ಯಾವ ಫೇಜನ್ನು ಆರಿಸಬೇಕೆಂಬ ಪ್ರಶ್ನೆ ಎಷ್ಟು ನಾಜೂಕಿನದೆಂದು ಇದರಿಂದ ನೀವೇ ಊಹಿಸಬಹುದು. ಇಂದು ಪ್ರತಿಜೀವಕ ಮದ್ದುಗಳಿಗೆ ಬಗ್ಗದ ಕ್ರಿಮಿಗಳು ಹೆಚ್ಚಿರುವುದರಿಂದ ವೈದ್ಯರು ಮತ್ತೆ ಫೇಜಿನ ಕಡೆ ತಿರುಗಿದ್ದಾರೆ. ರೋಗಿಯ ಕ್ರಿಮಿಯನ್ನೇ ಬೆಳೆಸಿ, ಯಾವ ಫೇಜು ಅದನ್ನು ಕೊಲ್ಲುತ್ತದೆಂದು ತಟ್ಟೆಯಲ್ಲಿ ನೋಡಿ, ಆ ಮೇಲೆ ಕೊಡುವುದು ಈಗಿನ ಪದ್ಧತಿ.

ಅಷ್ಟಾದರೂ ಆಟ ನಿಂತಿಲ್ಲ. ಬಾಂಗ್ಲಾದೇಶದ ರೋಗಿಗಳ ಮಲದಲ್ಲಿ ಸಿಕ್ಕ ಒಂದು ಫೇಜಿನ ವಿಷಯ 2013ರಲ್ಲಿ ಪ್ರಕಟವಾಯಿತು. ಕಾಲರಾ ಕ್ರಿಮಿ ತನ್ನೊಳಗೆ ಫೇಜು ಬೆಳೆಯದಂತೆ ತಡೆಯುವ ವಂಶವಾಹಿಗಳ ಒಂದು ಗುಂಪನ್ನು ಇಟ್ಟುಕೊಂಡಿತ್ತು. ಆ ಫೇಜು ಅದನ್ನು ಕತ್ತರಿಸಿ ಹಾಕುತ್ತಿದ್ದದ್ದು ಕ್ರಿಸ್ಪರಿನಿಂದ. ಬ್ಯಾಕ್ಟೀರಿಯಗಳ ಆಯುಧವನ್ನೇ ಅದು ಎಲ್ಲಿಂದಲೋ ಎತ್ತಿ ತಂದಿತ್ತು.