ಒಬ್ಬ ಕಾಲಾಳು ಕಂಡ ಅಂತರ್ಯುದ್ಧ

ಯುದ್ಧಗಳ ಚರಿತ್ರೆಯನ್ನು ಪಾಠ ಹೇಳುವಾಗ ದಂಡನಾಯಕರ ಹೆಸರು, ಇಸವಿ, ಜಯಾಪಜಯಗಳಿಗೇ ನಾವು ನಿಂತುಬಿಡುವುದು ರೂಢಿ. ಬಂದೂಕು ಹೊತ್ತು ನಡೆದ ಕಾಲಾಳಿಗೆ ಅಲ್ಲಿ ಸ್ಥಳವಿಲ್ಲ. ಅಮೆರಿಕದ ಅಂತರ್ಯುದ್ಧದ (1861–65) ಮಟ್ಟಿಗೆ ಈ ಕೊರತೆಯನ್ನು ತುಂಬುವ ಗ್ರಂಥಗಳಲ್ಲೊಂದು ಸ್ಯಾಮ್ ವಾಟ್ಕಿನ್ಸ್ ಎಂಬ ಸಿಪಾಯಿಯ ‘ಕಂಪನಿ ಏಚ್’. ಯುದ್ಧ ಮುಗಿದು ಹದಿನಾರು ವರ್ಷಗಳಾದ ಮೇಲೆ ಈತನು ತನ್ನ ಊರಿನ ಪತ್ರಿಕೆಯಲ್ಲಿ ಕಂತುಗಳಾಗಿ ಬರೆದ ನೆನಪುಗಳು 1882ರಲ್ಲಿ ಪುಸ್ತಕವಾದುವು.

ಟೆನೆಸ್ಸೀ ಪ್ರಾಂತದ ಕೊಲಂಬಿಯದ ಬಳಿ 1839ರಲ್ಲಿ ಹುಟ್ಟಿದ ವಾಟ್ಕಿನ್ಸ್, 1861ರಲ್ಲಿ ದಕ್ಷಿಣದವರ ಸೈನ್ಯವನ್ನು ಸೇರಿದನು. ತಿಂಗಳಿಗೆ 11 ಡಾಲರ್ ಸಂಬಳ. ಒಂದು ವರ್ಷದ ಕರಾರಿನ ಮೇಲೆ ಸ್ವಇಚ್ಛೆಯಿಂದ ಬಂದವರನ್ನು 1862ರ ಏಪ್ರಿಲಿನ ಕಡ್ಡಾಯ ಸೇವೆಯ ಶಾಸನವು ಮೂರು ವರ್ಷಕ್ಕೆ ಕಟ್ಟಿಹಾಕಿತು. ಅದೇ ಅಕ್ಟೋಬರಿನಲ್ಲಿ, ಇಪ್ಪತ್ತು ಗುಲಾಮರಿದ್ದ ತೋಟಕ್ಕೆ ಒಬ್ಬನಂತೆ ವಿನಾಯಿತಿ ದೊರೆಯಿತು. ಶ್ರೀಮಂತರ ಯುದ್ಧಕ್ಕೆ ಬಡವರ ರಕ್ತವೆಂಬ ಕಹಿ ಸಿಪಾಯಿಗಳ ಮನಸ್ಸಿನಲ್ಲಿ ನೆಲಸಿತು.

1864ರ ಜೂನ್ 27ರಂದು ಜಾರ್ಜಿಯದ ಕೆನೆಸಾ ಬೆಟ್ಟದಲ್ಲಿ, ಸುಡುವ ಬಿಸಿಲಿನಲ್ಲಿ, ಉತ್ತರದ ಸೈನ್ಯವು ಇವರ ಕಂದಕಗಳ ಮೇಲೆ ಏರಿಬಂದಿತು. ವೈರಿಯೊಬ್ಬನು ವಾಟ್ಕಿನ್ಸನಿಗೆ ಗುರಿಯಿಟ್ಟಾಗ ಗೆಳೆಯ ವಿಲಿಯಂ ಹ್ಯೂಸ್ ಆ ಬಂದೂಕಿನ ನಳಿಗೆಯನ್ನೇ ಹಿಡಿದನು. ಗುಂಡು ಅವನ ಕೈತೋಳುಗಳನ್ನು ಸೀಳಿತು. ಹಿಂದೆ ಒಂದೇ ಅಂಗಡಿಯಲ್ಲಿ ಗುಮಾಸ್ತರಾಗಿದ್ದು, ದಂಡಿನಲ್ಲಿ ಒಂದೇ ಕಂಬಳಿಯಡಿ ಮಲಗಿದವರು ಇವರು. ಹ್ಯೂಸ್ ತನ್ನ ಬಂದೂಕನ್ನು ಗೆಳೆಯನಿಗೆ ಒಪ್ಪಿಸಿ ಹೋದನು, ಬದುಕಿ ಉಳಿಯಲಿಲ್ಲ. ಆ ಕಾಳಗದಲ್ಲಿ ಗೆದ್ದವರು ವಾಟ್ಕಿನ್ಸನ ಪಕ್ಷದವರೇ. ಆದರೆ ಅವನು ಬರೆಯುವುದು ಗೆಲುವಿನ ಹಿಗ್ಗನ್ನಲ್ಲ. ಮದ್ದಿನ ಹೊಗೆಗೆ ಕಪ್ಪಾದ ಮುಖಗಳನ್ನು, ನೀರಿಲ್ಲದೆ ಬಿರಿದ ನಾಲಗೆಗಳನ್ನು, ದಣಿದು ವಾಂತಿಮಾಡಿಕೊಳ್ಳುತ್ತಿದ್ದ ಸಂಗಾತಿಗಳನ್ನು. ಕೊಳೆಯತೊಡಗಿದ ಹೆಣಗಳನ್ನು ಹೂಳಲು ಕಡೆಗೆ ಎರಡು ಪಕ್ಷದವರೂ ಕದನವನ್ನು ನಿಲ್ಲಿಸಬೇಕಾಯಿತು.

ಅದೇ ನವೆಂಬರ್ 30ರಂದು ನಡೆದ ಫ್ರಾಂಕ್ಲಿನ್ ಕಾಳಗವು ಅವನ ಹುಟ್ಟೂರಿನಿಂದ ಬಹು ದೂರವೇನಲ್ಲ. ಅಲ್ಲಿ ಮಡಿದ ದಕ್ಷಿಣದ ಆರು ಮಂದಿ ಸೇನಾನಿಗಳ ಹೆಸರು ಚರಿತ್ರೆಯಲ್ಲಿ ನಿಂತಿವೆ. ವಾಟ್ಕಿನ್ಸನ ದಳದ ಲೆಕ್ಕವೇ ಬೇರೆ: 1861ರಲ್ಲಿ ಹೊರಟವರು 120, 1865ರ ಏಪ್ರಿಲಿನಲ್ಲಿ ಶರಣಾಗುವಾಗ ದಳದಲ್ಲಿ ಉಳಿದಿದ್ದವರು 7.

ಇಷ್ಟರಿಂದ ಇವನ ಮಾತೆಲ್ಲವನ್ನೂ ಒಪ್ಪಬೇಕೆಂದಿಲ್ಲ. ತಾವು ಹೋರಾಡಿದ್ದು ಪ್ರಾಂತಗಳ ಹಕ್ಕಿಗಾಗಿ ಎಂದು ಅವನು ಹೇಳುತ್ತಾನೆ. ಆದರೆ 1860ರ ಡಿಸೆಂಬರಿನಲ್ಲಿ ಎಲ್ಲರಿಗಿಂತ ಮೊದಲು ಒಕ್ಕೂಟದಿಂದ ಬೇರೆಯಾದ ದಕ್ಷಿಣ ಕೆರೊಲೈನ ಪ್ರಾಂತವು ತನ್ನ ಘೋಷಣೆಯಲ್ಲಿ ಗುಲಾಮಗಿರಿಯ ರಕ್ಷಣೆಯನ್ನೇ ಮುಂದಿಟ್ಟಿತ್ತು. ಸುಮಾರು 40 ಲಕ್ಷ ಗುಲಾಮರ ಬಂಧನವು ಆ ಯುದ್ಧದ ಬೇರು. ಹ್ಯೂಸನಿಗಾಗಿ ಮರುಗುವ ಈ ಲೇಖನಿಯು ಅವರ ಸಂಕಟದ ಕಡೆಗೆ ಅಷ್ಟಾಗಿ ತಿರುಗಲಿಲ್ಲ.

ಸಿಪಾಯಿಯ ಸಾಕ್ಷ್ಯವು ಯುದ್ಧ ಹೇಗಿತ್ತೆಂಬುದನ್ನು ಹೇಳಬಲ್ಲದು. ಏಕೆ ನಡೆಯಿತೆಂಬುದಕ್ಕೆ ದಾಖಲೆಗಳನ್ನೇ ನೋಡಬೇಕು. ಅವನ ದುಃಖವು ಸತ್ಯ, ಅವನ ಪಕ್ಷವು ಅನ್ಯಾಯದ್ದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಪಾಠವು ಅರ್ಧವಾಗುತ್ತದೆ. ವಿದ್ಯಾರ್ಥಿಗಳ ಮುಂದೆ ಎರಡನ್ನೂ ಇಡುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ.