ಕಲ್ಯಾಣದ ಹಿತ್ತಲ ಮಾವು: ಕಸಿ ಮತ್ತು ಸಂಕರ

ಪ್ರಾಚೀನರ ವೃಕ್ಷಾಯುರ್ವೇದದಲ್ಲಿ ಸಂಕರ ತಳಿಯ ಹಣ್ಣಿನ ಮರಗಳ ವಿಚಾರವೂ ಅಡಗಿದೆಯೆಂದು ಹೇಳುವವರುಂಟು. ಕಲ್ಯಾಣದ ಚಾಲುಕ್ಯರ ಕಾಲದ ಗ್ರಂಥಗಳನ್ನು ವ್ಯಾಸಂಗ ಮಾಡುವವರು ಈ ಮಾತನ್ನು ಪರೀಕ್ಷಿಸತಕ್ಕದ್ದು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹಲಸು, ನೇರಿಳೆ, ದಾಳಿಂಬೆ ಮೊದಲಾದವುಗಳ ಕೊಂಬೆಗೆ ಸಗಣಿಯನ್ನು ಬಳಿದು, ಬೇರನ್ನು ಕತ್ತರಿಸಿದೆಡೆಯಲ್ಲಾಗಲಿ ಕಾಂಡದಲ್ಲಾಗಲಿ ನೆಡಬೇಕೆಂದು ವಿಧಿಸಿದ್ದಾನೆ. ಆ ಪಟ್ಟಿಯಲ್ಲಿ ಮಾವಿಲ್ಲವೆಂಬುದು ಗಮನಾರ್ಹ. ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವನ್ನು ಕನ್ನಡಿಸಿದನು. ಕಲ್ಯಾಣದಲ್ಲಿ ಆಳಿದ ಮುಮ್ಮಡಿ ಸೋಮೇಶ್ವರನ (1127–1138) ಮಾನಸೋಲ್ಲಾಸವೂ ಉದ್ಯಾನವನ್ನು ಬಿಟ್ಟಿಲ್ಲ. ಆದರೆ ವರಾಹಮಿಹಿರನು ವಿಧಿಸಿದ ಕ್ರಮವು ಕಸಿಯೇ ಹೊರತು ಸಂಕರವಲ್ಲ. ಕಸಿಯು ಎರಡು ಮರಗಳ ದೇಹವನ್ನು ಕೂಡಿಸುತ್ತದೆ. ಸಂಕರವಾದರೋ ಒಂದರ ಪರಾಗವು ಮತ್ತೊಂದರ ಹೂವನ್ನು ಸೇರಿ ಬೀಜದಲ್ಲಿ ಹುಟ್ಟುವುದು.

ಈ ಭೇದವು ಇಂದಿನ ಹಿತ್ತಲಿಗೂ ಸಂಬಂಧಿಸಿದುದು. ಬಸವಕಲ್ಯಾಣ, ಹುಮನಾಬಾದ್‌ಗಳ ಚಳಿಗಾಲವು ಸಾಮಾನ್ಯವಾದ ಪೀಚ್ ತಳಿಗಳಿಗೆ ಬೇಕಾದಷ್ಟು ಶೀತವನ್ನು ಕೊಡಲಾರದು. ಒಳಗೆ ಗಟ್ಟಿ ವಾಟೆಯಿರುವ ಹಣ್ಣುಗಳಲ್ಲಿ ಆ ಸೀಮೆಗೆ ಸಹಜವಾದುದು ಮಾವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ರೂಪಿಸಿದ ಅರ್ಕಾ ಅರುಣ ಎಂಬ ತಳಿಯು ಬಂಗನಪಲ್ಲಿ ಮತ್ತು ಬಾದಾಮಿ ಎಂದು ಕರೆಯುವ ಆಪೂಸುಗಳ ಸಂಕರ. ಮರವು ಗಿಡ್ಡವಾಗಿ ಬೆಳೆಯುವುದರಿಂದ ಹಿತ್ತಲಿಗೆ ಯೋಗ್ಯವಾದುದು. ಅದರ ವಾಟೆಯನ್ನು ನೆಟ್ಟರೆ ತಾಯಿಮರದ ಗುಣವೇ ಬರುವುದೆಂಬ ನಿಶ್ಚಯವಿಲ್ಲ. ಕಸಿಯಿಂದಲೇ ಅದನ್ನು ಉಳಿಸಬೇಕು.

ಎಂದಮೇಲೆ ಸಂಕರವು ನವೀನರ ಸಾಧನೆ. ಅದನ್ನು ಕಾಪಾಡುವ ಉಪಾಯವು ಪ್ರಾಚೀನರದು. ಅವರಲ್ಲಿಲ್ಲದುದನ್ನು ಅವರಿಗೆ ಆರೋಪಿಸಿದರೆ, ಅವರು ನಿಜವಾಗಿ ಅರಿತಿದ್ದುದೇ ಮರೆಯಾಗುವುದು.